ಹೈಡ್ರೋಜನ್ ರೇಸ್ ಕಾರು, ನಮ್ಮ ಅದಿರು ಲಾರಿ

ಜಪಾನಿನಲ್ಲಿ ಹೈಡ್ರೋಜನ್ ರೇಸ್ ಕಾರು ಓಡಿದರೆ ಬಳ್ಳಾರಿಗೇನು ಲಾಭ ಅಂತ ಕೇಳುವವರಿದ್ದಾರೆ. ಬೇರೆಯವರಿಗಿಂತ ನಮಗೇ ಜಾಸ್ತಿ ಲಾಭ ಅಂತೀನಿ ನಾನು.

2021ರ ಮೇ ತಿಂಗಳಲ್ಲಿ ಫ್ಯೂಜಿ ಟ್ರ್ಯಾಕಿನ 24 ಗಂಟೆ ರೇಸಿಗೆ ಟೊಯೊಟಾ ಒಂದು ಕೊರೊಲ್ಲಾ ಇಳಿಸಿತು. 1.6 ಲೀಟರಿನ ಮೂರು ಸಿಲಿಂಡರ್ ಟರ್ಬೊ ಇಂಜಿನ್. ಪೆಟ್ರೋಲ್ ಜಾಗದಲ್ಲಿ ಹೈಡ್ರೋಜನ್ ಉರಿಯುತ್ತಿತ್ತು. ಆಗ ಕಂಪನಿಯ ಅಧ್ಯಕ್ಷರಾಗಿದ್ದ ಅಕಿಯೊ ಟೊಯೊಡಾ ಅವರೂ ಸರದಿಯಲ್ಲಿ ಸ್ಟೀರಿಂಗ್ ಹಿಡಿದರು. ಹೆಚ್ಚುಕಡಿಮೆ ಅರ್ಧ ಹೊತ್ತು ಗ್ಯಾಸ್ ತುಂಬಿಸೋದು, ರಿಪೇರಿ ಅಂತಲೇ ಹೋಯಿತು. ಆದರೂ 358 ಸುತ್ತು ಓಡಿತು.

ಪಿಸ್ಟನ್, ವಾಲ್ವ್, ಕ್ರ್ಯಾಂಕ್ ಎಲ್ಲವೂ ಉಳಿದುಕೊಂಡಿವೆ ಅನ್ನೋದೇ ನನಗೆ ಇಲ್ಲಿ ದೊಡ್ಡ ಮಾತು. ಹೊಸಪೇಟೆ ರಸ್ತೆಯ ಯಾವುದಾದರೂ ಲಾರಿ ಗ್ಯಾರೇಜಿಗೆ ಹೋಗಿ ನೋಡಿ. ಏರ್ ಫಿಲ್ಟರ್ ತಟ್ಟಿದರೆ ಕೆಂಪು ಅದಿರಿನ ಧೂಳು ಉದುರುತ್ತದೆ. ಹೆಡ್ ಬಿಚ್ಚಿದರೆ ಪಿಸ್ಟನ್ ಮೇಲೆ ಡೀಸೆಲ್ ಮಸಿ. ಇಂಜಿನ್ ಸದ್ದು ಕೇಳಿಯೇ ಯಾವ ಸಿಲಿಂಡರ್ ಹೊಡೆಯುತ್ತಿಲ್ಲ ಅಂತ ಹೇಳುವ ಹುಡುಗರು ಅಲ್ಲಿದ್ದಾರೆ. ಅವರ ಕೈಯ ಕಸುಬು ನಾಳೆಯೂ ಬೇಕಾಗುತ್ತದೆ ಅನ್ನೋ ಭರವಸೆ ಈ ಇಂಜಿನ್ನಿನಲ್ಲಿದೆ.

ರೇಸಲ್ಲಿ ಓಡಿಸಿ ನೋಡುವುದು ಸುಮ್ನೆ ಶೋಕಿಗಲ್ಲ. 2023ರಲ್ಲಿ ಟೊಯೊಟಾ ದ್ರವ ಹೈಡ್ರೋಜನ್‌ಗೆ ಬದಲಾಯಿಸಿತು. ಅದನ್ನು ಮೈನಸ್ 253 ಡಿಗ್ರಿಯಲ್ಲಿ ಇಡಬೇಕು. ಆ ವರ್ಷದ ಮಾರ್ಚ್‌ನಲ್ಲಿ ಟೆಸ್ಟಿಂಗ್ ಮಾಡುವಾಗ ಪೈಪಿನ ಜಾಯಿಂಟ್ ಅದುರಿ ಅದುರಿ ಸಡಿಲಾಗಿ, ಸೋರಿದ ಗ್ಯಾಸಿಗೆ ಬೆಂಕಿ ಹತ್ತಿತು. ಸೆನ್ಸರ್ ಸೋರಿಕೆ ಹಿಡಿದು ಹರಿವು ನಿಲ್ಲಿಸಿತು. ಆ ವರ್ಷದ ಮೊದಲ ರೇಸ್ ತಪ್ಪಿತು. ಜಾಯಿಂಟ್ ಸರಿಮಾಡಿಕೊಂಡು ಮೇ ತಿಂಗಳಲ್ಲಿ ಮತ್ತೆ ಬಂದರು. ಆಗಲೂ ಟ್ಯಾಂಕಿನೊಳಗಿನ ಪಂಪನ್ನು ರೇಸ್ ಮಧ್ಯೆಯೇ ಬದಲಾಯಿಸಬೇಕಾಯಿತು. ಇಂಥ ಅದುರಾಟ ನಮ್ಮ ಸಂಡೂರು ರಸ್ತೆಯ ಲಾರಿಗೆ ದಿನಾ ಇದ್ದದ್ದೇ ಅಲ್ವಾ? ಆ ದೋಷ ಟ್ರ್ಯಾಕಿನಲ್ಲೇ ಸಿಕ್ಕಿಬಿದ್ದದ್ದು ಒಳ್ಳೆಯದಾಯಿತು.

ಹಾಗಂತ ಹೊಗಳಿಬಿಟ್ಟರೆ ಆಗಲ್ಲ. ಹೈಡ್ರೋಜನ್ ಉರಿದಾಗ ಇಂಗಾಲದ ಹೊಗೆ ಬರಲ್ಲ, ಆದರೆ ಬಿಸಿಗೆ ನೈಟ್ರೋಜನ್ ಆಕ್ಸೈಡ್ ಅನ್ನೋ ಕೆಟ್ಟ ಅನಿಲ ಹುಟ್ಟುತ್ತದೆ. ನೀರಿನಿಂದ ಒಂದು ಕಿಲೋ ಹೈಡ್ರೋಜನ್ ತೆಗೆಯಲು 50 ಯೂನಿಟ್‌ಗೂ ಮೇಲೆ ಕರೆಂಟ್ ಬೇಕು. ಆ ಕರೆಂಟ್ ಕುಡಿತಿನಿಯ ಅಥವಾ ಶಕ್ತಿನಗರದ ಕಲ್ಲಿದ್ದಲಿನಿಂದ ಬಂದರೆ ಮಾಡಿದ್ದೆಲ್ಲ ದಂಡ. ಬಿಸಿಲು, ಗಾಳಿಯಿಂದಲೇ ಬರಬೇಕು. ಎರಡಕ್ಕೂ ನಮ್ಮಲ್ಲಿ ಕೊರತೆ ಇಲ್ಲ. ಕೊಪ್ಪಳದ ಕಡೆ ಗಾಳಿಯಂತ್ರಗಳು ತಿರುಗುತ್ತಲೇ ಇವೆ. ಕಿಲೋಗೆ 9 ಲೀಟರ್ ನೀರಂತೂ ಬೇಕೇ ಬೇಕು. ತುಂಗಭದ್ರೆಯ ನೀರಿನ ಲೆಕ್ಕದಲ್ಲಿ ಅದನ್ನೂ ಬರೆದಿಡಬೇಕು.

ಸಿಗುವ ಹೈಡ್ರೋಜನ್‌ನಲ್ಲಿ ಮೊದಲ ಪಾಲು ತೋರಣಗಲ್ಲಿನಂಥ ಉಕ್ಕಿನ ಊರಿಗೇ ಹೋಗಬೇಕು. ಅದಿರಿನ ಆಮ್ಲಜನಕ ಕಳೆಯಲು ಕಲ್ಲಿದ್ದಲ ಬದಲು ಅದನ್ನು ಬಳಸಿದರೆ ಹೊರಬರುವುದು ನೀರಾವಿ. ಆಮೇಲೆ ಲಾರಿಗೆ. ರೇಸಿಗೆ ಬೇಕಾಗೋದು ಚೂರುಪಾರು, ಅದಕ್ಕೆ ಯಾರೂ ಗೊಣಗಬೇಕಿಲ್ಲ.

2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಅಶೋಕ್ ಲೇಲ್ಯಾಂಡ್ ಮತ್ತು ರಿಲಯನ್ಸ್ ಹೈಡ್ರೋಜನ್ ಇಂಜಿನ್ನಿನ ಲಾರಿ ತೋರಿಸಿದವು. ಅದು ನಮ್ಮ ರಸ್ತೆಗೆ ಬರುವ ಹೊತ್ತಿಗೆ ರಿಪೇರಿಗೆ ಹೊರಗಿನವರನ್ನು ಕರೆಸುವಂತೆ ಆಗಬಾರದು. ಬಳ್ಳಾರಿ, ಕೊಪ್ಪಳ, ರಾಯಚೂರಿನ ಐಟಿಐಗಳಲ್ಲಿ ಒಂದೊಂದು ಹೈಡ್ರೋಜನ್ ಇಂಜಿನ್ ಬಿಚ್ಚಿ ಜೋಡಿಸಲು ಇಡಲಿ. ಒತ್ತಡದ ಟ್ಯಾಂಕ್ ಪರೀಕ್ಷೆ, ಸೋರಿಕೆ ಹುಡುಕುವುದು, ಎರಡನ್ನೂ ಈಗಿನಿಂದಲೇ ಕಲಿಸಲಿ.