ಹಿಡಿಕೆ ಇಲ್ಲದ ಭಾರ

ಹುಬ್ಬಳ್ಳಿಯ ಜಿಮ್‌ಗಳಿಗೂ ಈಗ ಟ್ರ್ಯಾಕ್ಟರ್ ಟೈರು ಬಂದಿದೆ. ಅದನ್ನು ನೆಲದಿಂದ ಎಬ್ಬಿಸಿ ಮಗುಚಬೇಕು, ಮತ್ತೆ ಎಬ್ಬಿಸಬೇಕು. ಬೇಜಾರಾದರೆ ದೊಡ್ಡ ಸುತ್ತಿಗೆ ತಗೊಂಡು ಅದಕ್ಕೇ ಬಡಿಯಬೇಕು. ಆಮೇಲೆ ಮರಳಿನ ಚೀಲ ಹೊತ್ತು ಸುತ್ತಬೇಕು. ಇದಕ್ಕೆಲ್ಲ ತಿಂಗಳ ಫೀಸು ಬೇರೆ. ಅಮರಗೋಳದ ಎಪಿಎಂಸಿ ಹಮಾಲರಿಗೆ ಹೇಳಿದರೆ ಬೀಡಿ ಕೆಳಗಿಟ್ಟು ನಗುತ್ತಾರೆ.

ಆದರೆ ಈ ಹುಚ್ಚಿನಲ್ಲಿ ಹುರುಳಿದೆ. ಡಂಬೆಲ್ ಬಹಳ ಸಂಭಾವಿತ ವಸ್ತು. ಎರಡೂ ಕಡೆ ಸಮ ತೂಕ, ನಡುವೆ ಕೈಗೊಪ್ಪುವ ಹಿಡಿಕೆ. ಜೋಳದ ಚೀಲಕ್ಕೆ ಆ ಮರ್ಯಾದೆ ಗೊತ್ತಿಲ್ಲ. ಎತ್ತುವಾಗ ಕಾಳೆಲ್ಲ ಒಂದು ಮೂಲೆಗೆ ಜಾರುತ್ತದೆ. ಹೆಗಲಿಗೆ ಬಂದ ಮೇಲೆ ಇನ್ನೊಂದು ಕಡೆ ವಾಲುತ್ತದೆ. ಚೀಲದ ಕಿವಿ ಹಿಡಿದು ಎಳೆದರೆ ಬೆರಳು ಸೋಲುತ್ತವೆಯೇ ಹೊರತು ಚೀಲ ಏಳುವುದಿಲ್ಲ. "ಹಿಡೀಬ್ಯಾಡ್ರಿ ಸರ, ತಬ್ಕೋರಿ" ಅಂದರು ಒಬ್ಬ ಹಮಾಲರು. ಭಾರ ಮೈಗೆ ಹತ್ತಿದಷ್ಟೂ ಸೊಂಟ ಬಚಾವು. ಬ್ಯಾಡಗಿಯ ಮೆಣಸಿನಕಾಯಿ ಚೀಲದ್ದು ಇನ್ನೊಂದು ತರಹ. ತೂಕಕ್ಕಿಂತ ಗಾತ್ರ ಜಾಸ್ತಿ, ತಬ್ಬಿದರೆ ಕೈ ಕೂಡುವುದಿಲ್ಲ. ಆ ಕಾಯಿಗೆ ಖಾರಕ್ಕಿಂತ ಬಣ್ಣ ಹೆಚ್ಚು ಅಂತಾರೆ ನಿಜ, ಚೀಲ ಹೆಗಲೇರಿದಾಗ ಮೂಗು ಮಾತ್ರ ಅದನ್ನು ಒಪ್ಪುವುದಿಲ್ಲ.

ನಮ್ಮ ಕಡೆ ಜಾತ್ರೆಗಳಲ್ಲಿ ಗುಂಡು ಕಲ್ಲು ಎತ್ತುವವರೂ ತಬ್ಬಿಯೇ ಎತ್ತುತ್ತಾರೆ. ದೂರದ ಐಸ್‌ಲ್ಯಾಂಡಿನಲ್ಲಿ ಹೂಸಾಫೆಲ್ ಎಂಬಲ್ಲಿ 186 ಕಿಲೋದ ಕಲ್ಲೊಂದಿದೆ. ಅದನ್ನು ಎದೆಗವಚಿಕೊಂಡು ಹಳೆಯ ಕುರಿದೊಡ್ಡಿಯ ಸುತ್ತ ನಡೆದವನೇ ಅಲ್ಲಿ ಗಟ್ಟಿಗ. ಇನ್ನು ಜಿಮ್ಮಿನವರು ಜಂಬದಿಂದ ತೂಗಾಡಿಸುವ ಕೆಟಲ್‌ಬೆಲ್, ಅಂದರೆ ಮೇಲೆ ಹಿಡಿಕೆಯಿರುವ ಕಬ್ಬಿಣದ ಗುಂಡು, ಒಂದು ಕಾಲಕ್ಕೆ ರಷ್ಯಾದ ಸಂತೆಯಲ್ಲಿ ಕಾಳು ತೂಗುವ ಬಟ್ಟಾಗಿತ್ತು. ಅಲ್ಲಿನ ಒಂದು ಪೂಡ್ ಅಂದರೆ ಸುಮಾರು 16 ಕಿಲೋ. ಇವತ್ತಿಗೂ 16, 24, 32 ಅಂತ ಅದೇ ಲೆಕ್ಕದಲ್ಲಿ ಸಿಗುತ್ತದೆ. ಅಂದರೆ ಅಂಗಡಿಕಾರ ಸಂಜೆ ಕೆಲಸ ಮುಗಿದ ಮೇಲೆ ಬಟ್ಟು ಎತ್ತಿ ಮೀಸೆ ತಿರುವಿರಬೇಕು, ಅಲ್ವಾ?

ಹಾಗೆ ನೋಡಿದರೆ ಮನೆಯಲ್ಲೇ ಎಲ್ಲ ಇದೆ. ಗ್ಯಾಸ್ ಸಿಲಿಂಡರಿನಲ್ಲಿ ಅನಿಲ 14.2 ಕಿಲೋ, ಖಾಲಿ ಡಬ್ಬಿಯ ತೂಕವೂ ಹೆಚ್ಚುಕಡಿಮೆ ಅಷ್ಟೇ. ಅದನ್ನು ಹೆಗಲ ಮೇಲೆ ಮೂರನೇ ಮಹಡಿಗೆ ತರುವ ಹುಡುಗನಿಗೆ ನಾವು ಒಂದು ಲೋಟ ನೀರು ಕೊಟ್ಟರೆ ಹೆಚ್ಚು.

ನೀರು ಅಂದಕೂಡಲೇ ನೆನಪಾಯಿತು. ನಮ್ಮ ಊರಲ್ಲಿ ನಳಕ್ಕೆ ದಿನಾ ನೀರು ಬಿಡುವ ರೂಢಿ ಇಲ್ಲದ ಓಣಿಗಳು ಬೇಕಾದಷ್ಟಿವೆ. ಬಿಟ್ಟ ದಿನ ಮನೆಯ ಪಾತ್ರೆಯೆಲ್ಲ ತುಂಬಲೇಬೇಕು. ತುಂಬಿದ ಕೊಡ ತುಳುಕುವುದಿಲ್ಲ ಅಂದವರು ಅದನ್ನು ಟೊಂಕದ ಮೇಲಿಟ್ಟು ಮೆಟ್ಟಿಲು ಹತ್ತಿದಂತಿಲ್ಲ. ಭಾರ ಒಂದೇ ಮಗ್ಗುಲಿಗೆ ಬಿದ್ದಾಗ ಇನ್ನೊಂದು ಮಗ್ಗುಲಿನ ಸ್ನಾಯು ಬಿಗಿಹಿಡಿದು ಮೈಯನ್ನು ನೆಟ್ಟಗೆ ನಿಲ್ಲಿಸಬೇಕು. ಜಿಮ್ಮಿನಲ್ಲಿ ಇದಕ್ಕೆ ಸೂಟ್‌ಕೇಸ್ ಕ್ಯಾರಿ ಎಂಬ ಹೆಸರಿದೆ, ಕಲಿಸಲು ಕೋಚ್ ಇದ್ದಾರೆ. ನಮ್ಮ ವೈನಿ ಅದನ್ನು ಮಾಡುತ್ತಲೇ ಪಕ್ಕದ ಮನೆಯವರ ಹತ್ತಿರ ಧಾರಾವಾಹಿಯ ಕತೆ ಕೇಳುತ್ತಾರೆ. ಕೊಡ ಇಳಿಸುವುದಿಲ್ಲ. ನಿನ್ನೆ ಕರೆಂಟ್ ಹೋಗಿತ್ತಂತೆ, ಕತೆ ಮೊದಲಿನಿಂದ ಆಗಬೇಕು.