ಲಿನೆಜೋಲಿಡ್ ಮಾತ್ರೆ ದುರ್ಬಲವಲ್ಲ: ಒಂದು ಸ್ಪಷ್ಟನೆ

ಲಿನೆಜೋಲಿಡ್ ಎಂಬ ಆಂಟಿಬಯೋಟಿಕ್ ಔಷಧದ ಬಗ್ಗೆ ‘ಇದು ಎಲ್ಲ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುವ ಕೊನೆಯ ಅಸ್ತ್ರ, ಇಂಜೆಕ್ಷನ್ ನಿಲ್ಲಿಸಿ ಮಾತ್ರೆ ಕೊಟ್ಟರೆ ಚಿಕಿತ್ಸೆ ಸಡಿಲವಾದಂತೆ’ ಎಂಬ ಸಂದೇಶ ಹರಿದಾಡುತ್ತಿದೆ. ಎರಡೂ ಮಾತು ತಪ್ಪು.

ಬಾಯಿಯ ಮೂಲಕ ತೆಗೆದುಕೊಂಡ ಲಿನೆಜೋಲಿಡ್ ಹೆಚ್ಚುಕಡಿಮೆ ಶೇ 100ರಷ್ಟು ರಕ್ತ ಸೇರುತ್ತದೆ. ಹಾಗಾಗಿಯೇ ವಯಸ್ಕರಿಗೆ ಸಾಮಾನ್ಯವಾಗಿ ಕೊಡುವ ಪ್ರಮಾಣ ಎರಡೂ ರೂಪದಲ್ಲಿ ಒಂದೇ: 12 ಗಂಟೆಗೊಮ್ಮೆ 600 ಮಿಲಿಗ್ರಾಂ. ರೋಗಿ ನುಂಗಬಲ್ಲವರಾಗಿ, ಸ್ಥಿತಿ ಸ್ಥಿರವಾಗಿದ್ದರೆ ಮಾತ್ರೆಗೆ ಬದಲಾಯಿಸುವುದು ಸರಿಯಾದ ವೈದ್ಯಕೀಯ ನಿರ್ಧಾರ. ಅದನ್ನು ನಿರ್ಲಕ್ಷ್ಯವೆಂದು ದೂರುವುದು ಅನ್ಯಾಯ.

ಈ ಔಷಧ ಬ್ಯಾಕ್ಟೀರಿಯಾದ ಪ್ರೋಟೀನ್ ತಯಾರಿಸುವ ಘಟಕವಾದ ರೈಬೋಸೋಮಿನ 50ಎಸ್ ಎಂಬ ಭಾಗಕ್ಕೆ ಅಂಟಿಕೊಂಡು, ಆ ತಯಾರಿಕೆಯನ್ನು ಆರಂಭದಲ್ಲೇ ತಡೆಯುತ್ತದೆ. ಎಂಆರ್‌ಎಸ್‌ಎ (ಮೆಥಿಸಿಲಿನ್ ಔಷಧಕ್ಕೆ ಬಗ್ಗದ ಸ್ಟ್ಯಾಫಿಲೊಕಾಕಸ್ ಆರಿಯಸ್ ಬ್ಯಾಕ್ಟೀರಿಯಾ), ವ್ಯಾಂಕೊಮೈಸಿನ್ ಎಂಬ ಆಂಟಿಬಯೋಟಿಕ್‌ಗೆ ಬಗ್ಗದ ಎಂಟೆರೊಕಾಕಸ್‌ನಂಥ ಗ್ರಾಂ ಪಾಸಿಟಿವ್ (ಬ್ಯಾಕ್ಟೀರಿಯಾಗಳ ಎರಡು ದೊಡ್ಡ ಗುಂಪುಗಳಲ್ಲಿ ಒಂದು) ರೋಗಾಣುಗಳ ಮೇಲೆ ಇದರ ಬಲ. ಔಷಧ ನಿರೋಧಕ ಕ್ಷಯಕ್ಕೂ ಬಳಕೆಯಿದೆ. ಇ. ಕೋಲಿ, ಕ್ಲೆಬ್ಸಿಯೆಲ್ಲಾ ಮುಂತಾದ ಗ್ರಾಂ ನೆಗೆಟಿವ್‌ಗಳು ಇದನ್ನು ಒಳಗಿನಿಂದ ಹೊರದಬ್ಬುತ್ತವೆ. ಅಲ್ಲಿ ಇದು ನಿಷ್ಪ್ರಯೋಜಕ.

ಆ ಸಂದೇಶ ಹೇಳಲೇಬೇಕಿದ್ದ ಎಚ್ಚರಿಕೆಯೇ ಅದರಲ್ಲಿಲ್ಲ. ಎರಡು ವಾರ ಮೀರಿದರೆ ಪ್ಲೇಟ್‌ಲೆಟ್ ಕುಸಿಯುವ ಅಪಾಯ ಹೆಚ್ಚು. ಚಿಕಿತ್ಸೆಯುದ್ದಕ್ಕೂ ವಾರಕ್ಕೊಮ್ಮೆ ರಕ್ತ ಪರೀಕ್ಷೆ ಬೇಕು. ತಿಂಗಳುಗಟ್ಟಲೆ ಸೇವಿಸುವವರಲ್ಲಿ ದೃಷ್ಟಿನರಕ್ಕೂ ಹಾನಿಯಾಗಬಹುದು. ಖಿನ್ನತೆಗೆ ಫ್ಲುಯೊಕ್ಸೆಟಿನ್, ಸರ್ಟ್ರಲೀನ್‌ನಂಥ ಮಾತ್ರೆ ಸೇವಿಸುತ್ತಿರುವವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು, ಏಕೆಂದರೆ ಎರಡೂ ಸೇರಿದಾಗ ಮಿದುಳಿನ ರಾಸಾಯನಿಕವಾದ ಸೆರೊಟೋನಿನ್ ಅಪಾಯಕಾರಿ ಮಟ್ಟಕ್ಕೆ ಏರಬಹುದು.