ಕೋಣೆ ಕೇಳಿಸೋ ಆಲ್ಬಮ್‌ಗಳು

ಹೋದ ಭಾನುವಾರ ರಾತ್ರಿ ನಮ್ಮ ಏರಿಯಾದಲ್ಲಿ ಕರೆಂಟ್ ಹೋಯಿತು. ಫ್ಯಾನ್ ನಿಂತಿತು, ಪಕ್ಕದ ಮನೆ ಟಿವಿ ನಿಂತಿತು, ಕೆಳಗಡೆ ಗೊರಗುಟ್ಟುತ್ತಿದ್ದ ಮೋಟರ್ ಕೂಡ ನಿಂತಿತು. ಚಿಕ್ಕ ಸ್ಪೀಕರ್‌ನಲ್ಲಿ ಚಾರ್ಜ್ ಇತ್ತು. ಅಮೆರಿಕದ ಕಪ್ಪು ಜನರ ಹಳೇ ಸಂಗೀತ ಬ್ಲೂಸ್ ಹಾಡುತ್ತಿದ್ದ ಮಡ್ಡಿ ವಾಟರ್ಸ್‌ನ 'ಫೋಕ್ ಸಿಂಗರ್' ಆಲ್ಬಮ್ ಹಾಕಿದೆ. ಎರಡು ನಿಮಿಷ ಆಗಿರಬಹುದು, ಕತ್ತಲಲ್ಲಿ ಮಗಳು ಕೇಳಿದಳು, "ಅಪ್ಪಾ, ಇದರಲ್ಲಿ ಯಾಕೆ ಇಷ್ಟೊಂದು ಖಾಲಿ ಇದೆ?"

ಅವತ್ತಿಂದ ಈ ಪ್ರಶ್ನೆ ತಲೆಯಲ್ಲಿ ಹುಳ ಬಿಟ್ಟ ಹಾಗೆ ಕೊರೀತಿದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಅರ್ಧಕ್ಕೇ ಬಿಟ್ಟು ಹೋಗುವವರು ಹೋಗಬಹುದು, ಬೇಜಾರಿಲ್ಲ.

ಮಡ್ಡಿ 1943ರಲ್ಲಿ ಮಿಸಿಸಿಪ್ಪಿಯ ಹತ್ತಿ ಹೊಲ ಬಿಟ್ಟು ಶಿಕಾಗೋಗೆ ಬಂದವನು. (ಏಕವಚನ ಅಂತ ಬೈಬೇಡಿ. ಇಷ್ಟದವರನ್ನೆಲ್ಲ ನಾನು ಹಾಗೇ ಕರೆಯೋದು.) ಅಲ್ಲಿನ ಬಾರ್‌ಗಳ ಗಲಾಟೆಯಲ್ಲಿ ಸಾದಾ ಗಿಟಾರ್ ಯಾರಿಗೆ ಕೇಳಿಸಬೇಕು? ಎಲೆಕ್ಟ್ರಿಕ್ ಗಿಟಾರ್ ಹಿಡಿದ, ಹೆಸರು ಮಾಡಿದ. ಅರವತ್ತರ ದಶಕದ ಶುರುವಿನಲ್ಲಿ ಅಮೆರಿಕದ ಕಾಲೇಜು ಹುಡುಗರಿಗೆ ಜಾನಪದದ ಹುಚ್ಚು ಹಿಡಿಯಿತು. ಆಗ ಅವನ ಹಾಡು ಹೊರತರುತ್ತಿದ್ದ ಚೆಸ್ ಕಂಪನಿಯವರು ಮತ್ತೆ ಸಾದಾ ಗಿಟಾರ್ ಕೈಗೆ ಕೊಟ್ಟು ಕೂರಿಸಿದರು. ವ್ಯಾಪಾರದ ಲೆಕ್ಕಾಚಾರ, ಅಷ್ಟೇ. 1963ರಲ್ಲಿ ರೆಕಾರ್ಡ್ ಆಯಿತು, 1964ರಲ್ಲಿ ಹೊರಬಂತು. ಪಕ್ಕದಲ್ಲಿ ಇನ್ನೊಂದು ಗಿಟಾರ್ ಹಿಡಿದು ಕೂತಿದ್ದವನು 27 ವರ್ಷದ ಬಡ್ಡಿ ಗೈ. ತಗ್ಗು ಸ್ವರದ ಬೇಸ್ ವಾದ್ಯಕ್ಕೆ ವಿಲ್ಲಿ ಡಿಕ್ಸನ್.

ಮಡ್ಡಿ ಒಂದು ಸಾಲು ಹಾಡಿ ಸುಮ್ಮನಾಗುತ್ತಾನೆ. ಆ ದನಿಯ ಗುಂಗು ಗಾಳಿಯಲ್ಲಿ ಇನ್ನೂ ಉಳಿದಿರುತ್ತದೆ. ಅದು ಪೂರ್ತಿ ಆರುವವರೆಗೆ ಯಾರೂ ಅವಸರ ಮಾಡುವುದಿಲ್ಲ. ಆಮೇಲೆ ತಂತಿಯ ಮೇಲೆ ಒಂದು ಜಾರು. ವೀಣೆ ಕಲಿತಿದ್ದ ನನ್ನ ಅಮ್ಮ ಒಮ್ಮೆ ಇದನ್ನು ಅಡುಗೆಮನೆಯಿಂದಲೇ ಕೇಳಿಸಿಕೊಂಡು, "ಗಮಕ ಚೆನ್ನಾಗಿದೆ ಕಣೋ, ಯಾರದು?" ಎಂದಿದ್ದರು. ಆಡಿಯೋ ಹುಚ್ಚರು ಹೊಸ ಸ್ಪೀಕರ್ ತಂದರೆ ಪರೀಕ್ಷೆಗೆ ಇವತ್ತಿಗೂ ಇದೇ ಆಲ್ಬಮ್ ಹಾಕುತ್ತಾರೆ. ಸುಮ್ನೆ ಅಲ್ಲ.

ನಮ್ಮ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ವಾರಕ್ಕೊಮ್ಮೆ ಜಗಳ. ಎಪ್ಪತ್ತರ ದಶಕ ದೊಡ್ಡದಾ, ತೊಂಬತ್ತರದಾ? ಬ್ಲೂಸ್ ಮುದುಕರ ಸಂಗೀತವಾ, ಮೆಟಲ್ ಅನ್ನೋ ಅಬ್ಬರದ ರಾಕ್ ಬರೀ ಕಿರುಚಾಟವಾ? ನನ್ನದು ಬೇರೆಯೇ ಅಳತೆಗೋಲು. ಆಲ್ಬಮ್‌ನಲ್ಲಿ ಕೋಣೆ ಕೇಳಿಸಬೇಕು. ಇದು ಎಲ್ಲೋ ಒಂದು ಕಡೆ, ಒಂದು ದಿನ, ನಾಲ್ಕು ಗೋಡೆಗಳ ನಡುವೆ ನಡೆಯಿತು ಅಂತ ಕಿವಿಗೆ ಗೊತ್ತಾಗಬೇಕು. ಆಮೇಲೆ ದಶಕ ಯಾವುದಾದರೂ ಇರಲಿ.

ಇಂಗ್ಲೆಂಡಿನ ಬ್ಯಾಂಡ್ ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಮ್ ತಗೊಳ್ಳಿ. 1969ರ ಅಕ್ಟೋಬರ್‌ನಲ್ಲಿ ಲಂಡನ್‌ನ ಒಂದು ಸ್ಟುಡಿಯೋದಲ್ಲಿ ಒಂದೇ ದಿನ ಕೊಟ್ಟಿದ್ದರು. ನಾಲ್ಕು ಜನ ಬಂದರು, ವೇದಿಕೆಯ ಮೇಲೆ ನುಡಿಸೋ ಹಾಗೇ ನುಡಿಸಿದರು, ಹೋದರು. ಮಳೆ, ಗುಡುಗು, ಗಂಟೆಯ ಸದ್ದು ಆಮೇಲೆ ಸೇರಿಸಿದ್ದು. 1970ರ ಫೆಬ್ರವರಿ 13, ಶುಕ್ರವಾರ ಬಿಡುಗಡೆ. ಮೆಟಲ್ ಹುಟ್ಟಿದ್ದು ಅವತ್ತು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಎರಡನೇ ಹಾಡಿನ ಶುರುವಿಗೇ ಹಾಡುಗಾರ ಆಜಿ ಆಸ್ಬೋರ್ನ್ ಮೌತ್ ಆರ್ಗನ್ ಊದುತ್ತಾನೆ. ಅಪ್ಪಟ ಬ್ಲೂಸ್! ಹುಡುಗರು ಹೆಸರು ಬದಲಿಸಿಕೊಳ್ಳುವ ಮುಂಚೆ ಬ್ಲೂಸ್ ಬ್ಯಾಂಡೇ ಆಗಿದ್ದರು.

ಅವರ ಗಿಟಾರ್ ವಾದಕ ಟೋನಿ ಅಯೋಮಿಯ ಬೆರಳಿನ ಕಥೆ ಗೊತ್ತಿರಬಹುದು, ಆದರೂ ಹೇಳ್ತೀನಿ. ಬರ್ಮಿಂಗ್‌ಹ್ಯಾಮ್‌ನಲ್ಲಿ ತಗಡಿನ ಕಾರ್ಖಾನೆ, 17ರ ಹುಡುಗ, ಕೆಲಸದ ಕೊನೇ ದಿನ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ಮತ್ತೆ ಹೋಗುವುದಿಲ್ಲ ಎಂದ. ಶುರು ಮಾಡಿದ ಕೆಲಸ ಮುಗಿಸಿ ಬಾ ಅಂತ ಅಮ್ಮ ಕಳಿಸಿದರು. ಯಂತ್ರ ಬಲಗೈಯ ಎರಡು ಬೆರಳಿನ ತುದಿ ಕತ್ತರಿಸಿ ಹಾಕಿತು. ಅವನು ಎಡಚ, ಹಾಗಾಗಿ ತಂತಿ ಒತ್ತುವ ಕೈಗೇ ಪೆಟ್ಟು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ಮೇಲೆ ಚರ್ಮದ ತುಂಡು ಅಂಟಿಸಿದ. ನೋವು ಕಮ್ಮಿಯಾಗಲಿ ಅಂತ ತೆಳ್ಳಗಿನ ತಂತಿ ಹಾಕಿದ. 1971ರ ಮೂರನೇ ಆಲ್ಬಮ್ ಹೊತ್ತಿಗೆ ತಂತಿಗಳನ್ನು ಮೂರು ಮನೆ ಕೆಳಗಿನ ಶ್ರುತಿಗೆ ಸಡಿಲಿಸಿದ. ಆ ಮಂದ್ರದ ಭಾರವೇ ಈಗ ಜಗತ್ತಿನ ಅರ್ಧ ಮೆಟಲ್ ಬ್ಯಾಂಡ್‌ಗಳ ಬಂಡವಾಳ. ಹೋದ ವರ್ಷ ಜುಲೈ 5ರಂದು, 2025ರಲ್ಲಿ, ಅದೇ ಬರ್ಮಿಂಗ್‌ಹ್ಯಾಮ್‌ನಲ್ಲಿ ಕೊನೆಯ ಕಛೇರಿ ಮಾಡಿದರು. ಜುಲೈ 22ಕ್ಕೆ ಆಜಿ ಹೋದ. ಅವತ್ತು ಆಫೀಸಿನಲ್ಲಿ ನನಗೆ ಕೆಲಸವೇ ಆಗಲಿಲ್ಲ.

ಕೋಣೆ ಕೇಳಿಸೋದು ಅಂದರೆ ಏನು ಅಂತ ಇನ್ನೂ ಅರ್ಥವಾಗದಿದ್ದರೆ ಲೆಡ್ ಜೆಪ್ಪೆಲಿನ್‌ನ ನಾಲ್ಕನೇ ಆಲ್ಬಮ್‌ನ ಕೊನೇ ಹಾಡು 'ವೆನ್ ದ ಲೆವಿ ಬ್ರೇಕ್ಸ್' ಹಾಕಿ. 1927ರಲ್ಲಿ ಮಿಸಿಸಿಪ್ಪಿ ನದಿ ದಂಡೆ ಒಡೆದು ಊರೂರೇ ಮುಳುಗಿಸಿತ್ತು. 1929ರಲ್ಲಿ ಮೆಂಫಿಸ್ ಮಿನ್ನಿ ಮತ್ತು ಕ್ಯಾನ್ಸಸ್ ಜೋ ಮೆಕಾಯ್ ಎರಡು ಗಿಟಾರ್ ಇಟ್ಟುಕೊಂಡು ಅದನ್ನು ಹಾಡಿದ್ದರು. 1971ರಲ್ಲಿ ಈ ಇಂಗ್ಲೆಂಡಿನ ಹುಡುಗರು ಎತ್ತಿಕೊಂಡರು. ಹ್ಯಾಂಪ್‌ಶೈರ್‌ನಲ್ಲಿ ಹೆಡ್ಲಿ ಗ್ರೇಂಜ್ ಅಂತ ಒಂದು ಹಳೇ ಕಲ್ಲಿನ ಮನೆ, ಹಿಂದೆ ಅನಾಥರು ಬಡವರು ಇದ್ದ ಜಾಗ. ಮೆಟ್ಟಿಲಿನ ಬುಡದ ಹಜಾರದಲ್ಲಿ ಜಾನ್ ಬಾನಮ್‌ನ ಡ್ರಮ್ ಇಟ್ಟರು. ಮಹಡಿಯಿಂದ ಎರಡೇ ಎರಡು ಮೈಕ್ ಇಳಿಬಿಟ್ಟರು. ಡ್ರಮ್ ಹತ್ತಿರ ಒಂದೂ ಇಲ್ಲ! ನಿಮಗೆ ಕೇಳಿಸೋದು ಡ್ರಮ್ ಅಲ್ಲ, ಇಡೀ ಮನೆ. ಪ್ರವಾಹ ಬಾಗಿಲಿಗೆ ಬಂದು ಗುದ್ದಿದ ಹಾಗಿದೆ. ಅದೇ ಹೊಡೆತವನ್ನು ಆಮೇಲೆ ಎಷ್ಟೋ ಹಿಪ್‌ಹಾಪ್‌ನವರು ಕತ್ತರಿಸಿ ತಮ್ಮ ಹಾಡಿಗೆ ಅಂಟಿಸಿಕೊಂಡರು.

ಡೀಪ್ ಪರ್ಪಲ್‌ನ 'ಮಷೀನ್ ಹೆಡ್' ಆಲ್ಬಮ್ ಕಥೆ ಇನ್ನೂ ತಮಾಷೆ. 1971ರ ಡಿಸೆಂಬರ್, ಸ್ವಿಟ್ಜರ್ಲೆಂಡಿನ ಮಾಂಟ್ರೋ. ರೆಕಾರ್ಡ್ ಮಾಡಬೇಕಿದ್ದ ಕ್ಯಾಸಿನೋ, ಫ್ರ್ಯಾಂಕ್ ಜಪ್ಪಾ ಕಛೇರಿ ನಡೆಯುತ್ತಿದ್ದಾಗಲೇ ಹೊತ್ತಿ ಉರಿದುಹೋಯಿತು. ಬೇರೆ ಜಾಗ ಹುಡುಕಿ ಶುರು ಮಾಡಿದರೆ ಅಕ್ಕಪಕ್ಕದವರ ದೂರು, ಪೊಲೀಸ್ ಬಂದರು. ನಮ್ಮ ಗಣೇಶನ ಪೆಂಡಾಲಿನ ಕಥೆಯೇ ಅಲ್ವಾ? ಕೊನೆಗೆ ಚಳಿಗಾಲಕ್ಕೆ ಬಾಗಿಲು ಹಾಕಿದ್ದ ಹೋಟೆಲಿನ ಕಾರಿಡಾರ್‌ನಲ್ಲಿ ಹಾಸಿಗೆಗಳನ್ನು ಒಡ್ಡಿ ನುಡಿಸಿದರು. ರೆಕಾರ್ಡಿಂಗ್ ಯಂತ್ರ ಹೊರಗೆ ಲಾರಿಯಲ್ಲಿ. ನುಡಿಸಿದ್ದನ್ನು ಕೇಳೋಕೆ ಅಲ್ಲಿವರೆಗೆ ಹೋಗಿಬರುವುದೇ ರಗಳೆ ಅಂತ ಕೇಳೋದನ್ನೇ ಬಿಟ್ಟರಂತೆ.

ಈಗ ನನ್ನ ಅಳತೆಗೋಲು ಮುರಿಯೋ ಆಲ್ಬಮ್. ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾದ 'ಮಾಸ್ಟರ್ ಆಫ್ ಪಪೆಟ್ಸ್', 1986. ಅದರಲ್ಲಿ ಕೋಣೆಯೂ ಇಲ್ಲ, ಮನೆಯೂ ಇಲ್ಲ. ಗಿಟಾರ್ ಮೇಲೆ ಗಿಟಾರ್ ಪೇರಿಸಿ ಕಟ್ಟಿದ ಗೋಡೆ. ಆದರೂ ಬಿಡೋಕಾಗಲ್ಲ.

ಕಾಲೇಜಿನಲ್ಲಿದ್ದಾಗ ಬೆಂಗಳೂರಿನ ಒಂದು ಕ್ಯಾಸೆಟ್ ಅಂಗಡಿಯಲ್ಲಿ ತುಂಬಿಸಿಕೊಂಡಿದ್ದೆ. ತೊಂಬತ್ತು ನಿಮಿಷದ ಟೇಪು, ಒಂದು ಮಗ್ಗುಲಿಗೆ ಒಂದು ಆಲ್ಬಮ್. ಈ ಆಲ್ಬಮ್ ಸುಮಾರು 55 ನಿಮಿಷ. ಮಗ್ಗುಲಿಗೆ ಹಿಡಿಸೋದು 45. ಅಂಗಡಿಯವನು ಲೆಕ್ಕ ಹಾಕಲೂ ಇಲ್ಲ, ನನಗೆ ಹೇಳಲೂ ಇಲ್ಲ. ಏಳನೇ ಹಾಡು 'ಓರಿಯನ್', ಮಾತಿಲ್ಲದ ಬರೀ ವಾದ್ಯ. ನಾಲ್ಕು ನಿಮಿಷದ ಹೊತ್ತಿಗೆ ಗದ್ದಲವೆಲ್ಲ ಇಳಿದು ಕ್ಲಿಫ್ ಬರ್ಟನ್‌ನ ಬೇಸ್ ಒಂದೇ ಮೆಲ್ಲಗೆ ನಡೆಯೋಕೆ ಶುರುವಾಗುತ್ತದೆ. ನನ್ನ ಟೇಪು ಸರಿಯಾಗಿ ಅಲ್ಲೇ ಟಪ್ ಅಂತ ನಿಲ್ಲುತ್ತಿತ್ತು. ಹಾಡು ಇರೋದೇ ಅಷ್ಟು ಅಂತ ವರ್ಷಗಟ್ಟಲೆ ನಂಬಿದ್ದೆ. ಎಂಥಾ ಧೈರ್ಯವಂತರಪ್ಪಾ, ಹೀಗೆ ನಡುವೆ ನಿಲ್ಲಿಸಿದ್ದಾರೆ ಅಂತ ಗೆಳೆಯರ ಮುಂದೆ ಭಾಷಣ ಬೇರೆ ಬಿಗಿದಿದ್ದೆ! ಸಂಬಳ ಬಂದ ಮೇಲೆ ಸಿಡಿ ತಂದು ಹಾಕಿದಾಗ ಉಳಿದ ನಾಲ್ಕು ನಿಮಿಷ ಕೇಳಿ ಕಣ್ಣು ಮಂಜಾಯಿತು. ಆಲ್ಬಮ್ ಬಂದ ವರ್ಷವೇ ಸೆಪ್ಟೆಂಬರ್ 27ರಂದು ಸ್ವೀಡನ್‌ನಲ್ಲಿ ಬಸ್ ಮಗುಚಿ ಕ್ಲಿಫ್ ತೀರಿಕೊಂಡಿದ್ದ. 24 ವರ್ಷ. ಅವನಿಲ್ಲದೆ 1988ರಲ್ಲಿ ಮಾಡಿದ ಮುಂದಿನ ಆಲ್ಬಮ್‌ನಲ್ಲಿ ಹೊಸ ಹುಡುಗನ ಬೇಸ್ ಕೇಳಿಸುವುದೇ ಇಲ್ಲ. ಹಾಡುಗಳು ಚೆನ್ನಾಗಿವೆ. ಆದರೆ ಬೇಳೆ ಹಾಕದ ಸಾರು.

ಐರನ್ ಮೇಡನ್ ಬ್ಯಾಂಡ್ ಬಗ್ಗೆ ಯಾಕೆ ಬರೆದಿಲ್ಲ ಅಂತ ಕೇಳುವವರಿಗೆ: 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಅವರ ಕಛೇರಿಗೆ ನಾನೂ ಇದ್ದೆ. ಧೂಳು ಕುಡಿದು ಮೂರು ದಿನ ಗಂಟಲು ಕಟ್ಟಿತ್ತು. ಅವರ ಮೇಲೆ ಬರೆಯೋಕೆ ಹೊರಟರೆ ಈ ಬರಹ ಮುಗಿಯಲ್ಲ, ಇನ್ನೊಂದು ದಿನ ನೋಡೋಣ.

ಹೊಸಬರಲ್ಲೂ ಕೋಣೆ ಹುಡುಕಿದರೆ ಸಿಗುತ್ತದೆ. ನಾರ್ವೆಯ ಮೆಟಲ್ ಬ್ಯಾಂಡ್ ಡಾರ್ಕ್‌ಥ್ರೋನ್ 1994ರಲ್ಲಿ ಮನೆಯಲ್ಲೇ ನಾಲ್ಕು ಟ್ರ್ಯಾಕ್‌ನ ಸಣ್ಣ ಯಂತ್ರದಲ್ಲಿ ಒಂದು ಆಲ್ಬಮ್ ಮಾಡಿತು. ಚಳಿಗೆ ರೇಡಿಯೋ ನಡುಗಿದ ಹಾಗೆ ಕೇಳುತ್ತದೆ. ಎಲ್ಲರಿಗೂ ಹಿಡಿಸಲ್ಲ, ನನ್ನ ಹೆಂಡತಿಗಂತೂ ಖಂಡಿತ ಇಲ್ಲ. ಬ್ಲ್ಯಾಕ್ ಕೀಸ್‌ನ 'ರಬ್ಬರ್ ಫ್ಯಾಕ್ಟರಿ', 2004, ಓಹಾಯೋದ ಆಕ್ರನ್‌ನಲ್ಲಿ ಮುಚ್ಚಿಹೋಗಿದ್ದ ಟೈರ್ ಕಾರ್ಖಾನೆಯೊಳಗೆ ಇಬ್ಬರೇ ಕೂತು ಮಾಡಿದ್ದು. ಒಂದು ಗಿಟಾರ್, ಒಂದು ಡ್ರಮ್, ಮತ್ತೆ ಅದೇ ಬ್ಲೂಸ್.

ಮಗಳ ಪ್ರಶ್ನೆಗೆ ಅವತ್ತು ಉತ್ತರ ಕೊಡಲಿಲ್ಲ. ಮರುದಿನ ಸಂಜೆ ನಿರ್ವಾಣಾ ಬ್ಯಾಂಡಿನ ಅನ್‌ಪ್ಲಗ್ಡ್, ಅಂದರೆ ಸಾದಾ ಗಿಟಾರಿನ ಕಛೇರಿ, ಹಾಕಿದೆ. 1993ರ ನವೆಂಬರ್, ನ್ಯೂಯಾರ್ಕ್. ವೇದಿಕೆ ತುಂಬ ಲಿಲ್ಲಿ ಹೂವು, ಮೇಣದ ಬತ್ತಿ. ಎಲ್ಲರಿಗೂ ಬೇಕಾಗಿದ್ದ ದೊಡ್ಡ ಹಿಟ್ ಹಾಡನ್ನು ನುಡಿಸಲೇ ಇಲ್ಲ. ಬದಲಿಗೆ ಕೊನೆಗೆ ಹಳೇ ಬ್ಲೂಸ್ ಹಾಡುಗಾರ ಲೆಡ್ ಬೆಲ್ಲಿ ಹಾಡುತ್ತಿದ್ದ ಒಂದು ಹಳೇ ಹಾಡು. ಐದು ತಿಂಗಳಿಗೆ ಹಾಡುಗಾರ ಕರ್ಟ್ ಕೋಬೇನ್ ಇರಲಿಲ್ಲ. ಆಲ್ಬಮ್ ಬಂದದ್ದೇ ಅವನು ಹೋದ ಮೇಲೆ.

ಆ ಹಾಡಿನ ಕೊನೇ ಸಾಲಿನಲ್ಲಿ ಅವನು ಗಂಟಲು ಹರಿಯುವಂತೆ ಕೂಗಿ, ಒಂದು ಕ್ಷಣ ನಿಂತು, ಉಸಿರು ಎಳೆದುಕೊಳ್ಳುತ್ತಾನೆ. ಆಮೇಲೆ ಉಳಿದ ಪದ. ಮಗಳಿಗೆ ಇದ್ಯಾವುದನ್ನೂ ಮೊದಲೇ ಹೇಳಿರಲಿಲ್ಲ. ಅವಳು ಮೊಬೈಲ್ ನೋಡುತ್ತಾ ಕೂತಿದ್ದಳು. ಹಾಡು ಮುಗಿದ ಮೇಲೆ ತಲೆಯೆತ್ತಿ, "ಅಲ್ಲಿ ಏನೋ ಕೇಳಿಸ್ತಲ್ಲಾ, ಇನ್ನೊಂದ್ಸಲ ಹಾಕಪ್ಪ" ಎಂದಳು. ನಾನು ಹಿಂದಕ್ಕೆ ಹೋಗುವಷ್ಟರಲ್ಲಿ ಎದ್ದು ಹೋಗಿ ಫ್ಯಾನ್ ಆಫ್ ಮಾಡಿ ಬಂದು ಕೂತಳು.